ಈಜು ಬಲ್ಲವಳು ಮುಳುಗಿದ್ದು

ಕಾವಲುಗಾರ ಓಡಿಬಂದಾಗ ಈಜುಕೊಳದ ಅಂಚಿನಲ್ಲಿ ಹುಡುಗಿಯ ಹೆಣ. ಪಕ್ಕದಲ್ಲಿ ತೊಯ್ದು ತೊಪ್ಪೆಯಾಗಿ ಕೂತಿದ್ದ ಕೋಚ್.

ಹತ್ತೊಂಬತ್ತರ ಪ್ರಾಯ. ಮೀನಿನ ಹಾಗೆ ಈಜುತ್ತಿದ್ದವಳು. ಹಿಂದಿನ ದಿನವಷ್ಟೇ ಇಬ್ಬರಿಗೂ ಎಲ್ಲರೆದುರು ಜಗಳವಾಗಿತ್ತು. ಇನ್‌ಸ್ಪೆಕ್ಟರ್ ಅವನನ್ನು ಠಾಣೆಗೆ ತಂದು ಕೂರಿಸಿದಳು.

“ಏನ್ ಕುಡಿಸಿದೆ ಅವಳಿಗೆ?”

“ಏನೂ ಇಲ್ಲ ಮೇಡಂ. ಜೋರಾಗಿ ಈಜ್ತಿದ್ಲು. ಕೈ ನಿಂತೋಯ್ತು. ಒದ್ದಾಡ್ಲೂ ಇಲ್ಲ.”

“ಮುಳುಗೋರು ಒದ್ದಾಡಲ್ವಾ? ಯಾರ ಕಿವಿಗೆ ಹೂ ಇಡ್ತೀಯ?”

* * *

ಶವಪರೀಕ್ಷೆಯಲ್ಲಿ ವಿಷವಿಲ್ಲ, ಗಾಯವಿಲ್ಲ. ಹೃದಯವೂ ನೋಡಲು ನೆಟ್ಟಗಿತ್ತು. ತಲೆ ಕೆಟ್ಟು ಇನ್‌ಸ್ಪೆಕ್ಟರ್ ಸತ್ತವಳ ಮನೆಗೇ ಹೋದಳು.

“ಕೋಚ್ ಮೇಲೆ ಅನುಮಾನ ಇದ್ರೆ ಹೇಳಿ,” ಎಂದಳು ತಾಯಿಗೆ.

“ಸುಳ್ಳು!” ತಂಗಿ ಸಿಡಿದೆದ್ದಳು. “ಅವರು ಅಕ್ಕನ್ನ ಉಳಿಸೋಕೆ ಹಾರಿದ್ದು!” ಧಡಧಡ ಮೆಟ್ಟಿಲು ಹತ್ತಿ ಓಡಿದಳು. ಅರ್ಧಕ್ಕೇ ಕುಸಿದಳು.

ಇನ್‌ಸ್ಪೆಕ್ಟರ್ ಹಾರಿ ಹಿಡಿದಳು. ಕತ್ತಿಗೆ ಬೆರಳಿಟ್ಟಳು. ನಾಡಿಯೇ ಇಲ್ಲ! ಎದೆ ಒತ್ತಲು ಕೈ ಚಾಚುವಷ್ಟರಲ್ಲಿ ಅದು ಮತ್ತೆ ಬಡಿಯಿತು. ಹುಡುಗಿ ಕಣ್ಣು ಬಿಟ್ಟಳು.

“ಮೂರ್ಛೆರೋಗ. ಓಡಿದ್ರೆ, ಸಿಟ್ಟು ಬಂದ್ರೆ ಹೀಗೇ,” ಎಂದಳು ತಾಯಿ. “ಮಾತ್ರೆ ಕೊಡ್ತಿದೀವಿ.”

“ನಿಮ್ಮ ಕಡೆ ಬೇರೆ ಯಾರಾದ್ರೂ ಹೀಗೆ?”

“ನಮ್ಮಣ್ಣ ಒಬ್ಬ ಬೀಳ್ತಿದ್ದ. ಆದ್ರೆ ಅವನು ಹೋಗಿದ್ದು ನೀರಲ್ಲಿ. ನಮಗೆಲ್ಲ ಈಜು ಕಲಿಸಿದವನೇ ಅವನು.”

ಇನ್‌ಸ್ಪೆಕ್ಟರ್ ಜೀಪಿನ ಕೀಲಿ ತೆಗೆದಳು. “ಹೊರಡಿ, ಆಸ್ಪತ್ರೆಗೆ!”

* * *

ಹೃದಯದ ಡಾಕ್ಟರು ತಂಗಿಯ ಇಸಿಜಿ ಮೇಲೆ ಬೆರಳೆಳೆದರು. “ಸಿಕ್ಕಿಬಿದ್ದ ಕಳ್ಳ! ಒಂದೊಂದು ಬಡಿತ ಆದ್ಮೇಲೂ ಈ ಹೃದಯ ಅಣಿಯಾಗೋಕೆ ಹೆಚ್ಚು ಹೊತ್ತು ತಗೊಳ್ತಿದೆ. ಹುಟ್ಟಿನಿಂದಲೇ ಬಂದದ್ದು. ಓಡಿದಾಗ, ಈಜಿದಾಗ, ಸಿಟ್ಟು ಬಂದಾಗ ತಾಳ ತಪ್ಪುತ್ತೆ. ನಿಂತ ಎದೇಲಿ ತಾಳ ಹೇಗೆ ಹುಡುಕ್ತೀರಿ? ಅಕ್ಕನ ಶವಪರೀಕ್ಷೇಲಿ ಸಿಗದೇ ಇದ್ದದ್ದು ಅದಕ್ಕೇ.”

“ಅಂದ್ರೆ ಕೋಚ್ ಹೇಳಿದ್ದು ನಿಜ,” ಎಂದಳು ಇನ್‌ಸ್ಪೆಕ್ಟರ್. “ಮುಳುಗಿ ಎದೆ ನಿಂತದ್ದಲ್ಲ, ಎದೆ ನಿಂತು ಮುಳುಗಿದ್ಲು. ಅದಕ್ಕೇ ಒದ್ದಾಡಲಿಲ್ಲ.” ಅವನನ್ನು ಬಿಡುವಂತೆ ಅಲ್ಲಿಂದಲೇ ಠಾಣೆಗೆ ಫೋನು ಮಾಡಿದಳು.

ತಾಯಿಯ ಇಸಿಜಿಯಲ್ಲೂ ಅದೇ ಗುರುತು. ಅವಳು ಮಗಳತ್ತ ತಿರುಗಿದಳು. “ನಾನೇ ಕೊಟ್ನಾ ಇದನ್ನ?”

“ನಿಮಗೂ ಯಾರೋ ಕೊಟ್ಟದ್ದೇ ಅಲ್ವಾ ಅಮ್ಮಾ?” ಎಂದರು ಡಾಕ್ಟರು. “ ಇದಕ್ಕೆ ಔಷಧಿ ಇದೆ. ಚಿಕ್ಕವಳನ್ನ ಉಳಿಸ್ಕೊಳ್ಳೋಣ. ನಿಮ್ಮಣ್ಣನಿಗೆ ಮಕ್ಕಳಿದಾರಾ?”

ತಾಯಿ ದಿಗ್ಗನೆದ್ದಳು. “ಮಗಳಿದಾಳೆ! ಓಟದ ಪಂದ್ಯ ಅಂದ್ರೆ ಪ್ರಾಣ!” ಫೋನು ಒತ್ತಿ ಸ್ಪೀಕರಿಗೆ ಹಾಕಿದಳು. “ಅತ್ತೆ ಕಣೇ. ಆಸ್ಪತ್ರೆಗೆ ಬರ್ಬೇಕು ನೀನು.”

“ಏನಾಯ್ತು ಅತ್ತೆ? ಇರು, ಓಡ್ಬಂದೆ!”

“ಓಡಬೇಡ!” ಎಲ್ಲರೂ ಒಟ್ಟಿಗೇ ಕೂಗಿದರು.

ಅತ್ತೆ ದನಿ ತಗ್ಗಿಸಿದಳು. “ಗಾಬರಿ ಆಗ್ಬೇಡ ಪುಟ್ಟಿ. ಅಲ್ಲೇ ಕೂತಿರು. ನಾವೇ ಬರ್ತೀವಿ.”