ಹೊಗೆ ಅಸಲಿಯಾ, ನೋಡಿ ಬನ್ನಿ!

"ಇಳೀತೀಯೋ, ಏಣಿ ಕೀಳಲೋ?"

ಕೆಳಗಿನಿಂದ ಕೂಗಿದವನ ಕೈಯಲ್ಲಿ ಉದ್ದನೆಯ ಕಬ್ಬಿಣದ ಸಲಾಕೆ. ನಾನು ವಿದ್ಯುತ್ ಸ್ಥಾವರದ ಚಿಮಣಿಯ ಅರ್ಧದಲ್ಲಿ ನೇತಾಡುತ್ತಿದ್ದೆ... ಒಂದು ಕೈಯಲ್ಲಿ ಏಣಿಯ ಮೆಟ್ಟಿಲು, ಇನ್ನೊಂದರಲ್ಲಿ ನನ್ನ ಮೂಗು!

"ಏಣಿ ಗೋಡೆಗೇ ಹೂತಿದೆ ಕಣಯ್ಯಾ! ಕಿತ್ತರೆ ಚಿಮಣೀನೂ ಜೊತೆಗೆ ಬರುತ್ತೆ!"

ಅವನು ಯೋಚಿಸಿದ.

"ಹಾಗಾದ್ರೆ ನಾನೇ ಮೇಲೆ ಬರ್ತೀನಿ."

ಬಂದ!

ಪಕ್ಕದಲ್ಲಿ ತಪಾಸಣೆಗೆಂದು ಇಟ್ಟ ಪುಟ್ಟ ಕಬ್ಬಿಣದ ಬಾಗಿಲು. ಎಳೆದು ತೆಗೆದೆ. ಒಳಗೆ ಇಣುಕಿದೆ.

ಬಾಯ್ಲರಿನಿಂದ ಒಂದೆಳೆ ಹೊಗೆಯೂ ಬರುತ್ತಿರಲಿಲ್ಲ. ಚಿಮಣಿಯ ತಳದಲ್ಲಿ ಲಾರಿಯ ಹಳೇ ಟೈರುಗಳು ಉರಿಯುತ್ತಿದ್ದವು. ಅವುಗಳ ಮೇಲೆ ಒದ್ದೆ ಹುಲ್ಲು.

ಕೇಸು ಮುಗಿದಿತ್ತು. ಜೀವ ಉಳಿಸಿಕೊಳ್ಳುವುದೊಂದು ಬಾಕಿ!

ಇಲ್ಲೊಂದು ನಿಮಿಷ ನಿಲ್ಲಿ, ಹಿಂದಿನದನ್ನು ಹೇಳಿಬಿಡುತ್ತೇನೆ.

ನಮ್ಮೂರಿಗೆ ಇರುವುದು ಒಂದೇ ಚಿಮಣಿ. ಬೆಳಿಗ್ಗೆ ಎದ್ದವರು ಕನ್ನಡಿಗಿಂತ ಮೊದಲು ಅದನ್ನು ನೋಡುತ್ತಾರೆ. ಹೊಗೆ ದಟ್ಟವಾಗಿದ್ದರೆ ಮನೆ ಬಾಡಿಗೆ ಏರುತ್ತದೆ, ಹೆಣ್ಣು ಕೊಡುವವರು ಒಪ್ಪುತ್ತಾರೆ, ಕ್ಷೌರಿಕ ಕತ್ತರಿಯನ್ನು ಸ್ವಲ್ಪ ಜಂಬದಿಂದ ಆಡಿಸುತ್ತಾನೆ. ಕಲ್ಲಿದ್ದಲು ಧಾರಾಳವಾಗಿದ್ದ ಕಾಲದಲ್ಲಿ ಒಬ್ಬ ಪುಣ್ಯಾತ್ಮ ಬಿಸ್ಕತ್ತಿನ ಕಾರ್ಖಾನೆ ಹಾಕಲು ಬಂದ. ಸ್ಥಾವರದ ಸಂಬಳ ಉಂಡ ಜನ ಅವನ ಸಂಬಳ ಕೇಳಿ ನಕ್ಕು ಕಳಿಸಿದರು. ದರ್ಜಿಗೆ ನೀಲಿ ಯೂನಿಫಾರಂ ಬಿಟ್ಟು ಬೇರೇನೂ ಹೊಲಿಯಲು ಬಾರದು. ಮದುವೆಗೆಂದು ಕೊಟ್ಟ ನನ್ನ ಸೂಟಿಗೂ ಸ್ಪ್ಯಾನರ್ ಇಡುವ ಜೇಬು ಹಾಕಿದ್ದ!

ಈ ಚಳಿಗಾಲದಲ್ಲಿ ಸ್ಥಾವರದವರು ಕೆಲಸಗಾರರನ್ನು ರಜೆಯ ಮೇಲೆ ಕಳಿಸಿದರು. ರಿಪೇರಿಯಂತೆ. ಒಂದು ಬಾಯ್ಲರ್ ಓಡುತ್ತಿದೆಯಂತೆ. ಹೊಗೆ ಕಾಣುತ್ತಿತ್ತಲ್ಲ, ಎಲ್ಲರೂ ನಂಬಿದರು.

ನಾನು ಈ ಊರಿನ ಪತ್ತೇದಾರ. ನನ್ನ ಕಕ್ಷಿದಾರ ಪರ ಊರಿನವನು. ಕಪ್ಪು ಕೋಟು, ಪಾಲಿಶ್ ಮಾಡಿದ ಮಾತು. ಗ್ಯಾಸ್ ಬಾವಿ ಇರುವ ಊರಿನಲ್ಲಿ ಅವನದೊಂದು ಲಾಡ್ಜ್. ಅದನ್ನು ಕೊಟ್ಟು, ಬದಲಿಗೆ ನಮ್ಮೂರಿನ ಒಂದು ಮೆಸ್ ಪಡೆಯುವ ಕರಾರು. ಇವತ್ತು ಮಧ್ಯಾಹ್ನ ಸಹಿ.

"ಹೊಗೆ ಅಸಲಿಯಾ, ನೋಡಿ ಬನ್ನಿ," ಎಂದಿದ್ದ.

ಆ ಮೆಸ್ ನನ್ನ ಅಕ್ಕನದು. ನನ್ನನ್ನು ಸಾಕಿದ ಅಕ್ಕ. ಅದನ್ನು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ!

ಸಲಾಕೆ ನನ್ನ ಬೂಟಿಗೆ ತಾಗಿತು.

"ಅರೆ! ನೀವು ಮೆಸ್ ಅಕ್ಕನ ತಮ್ಮ ಅಲ್ವಾ?"

"ಹೌದು. ಹೊಡೀಬೇಕು ಅಂತಿದ್ರೆ ಅವಳನ್ನ ಒಂದ್ಮಾತು ಕೇಳು."

ಸಲಾಕೆ ತಾನಾಗಿ ಇಳಿಯಿತು. ನಾವೂ ಇಳಿದೆವು. ಆಸಾಮಿ ಸ್ಥಾವರದ ಹಳೇ ಬಾಯ್ಲರ್ ಮೇಸ್ತ್ರಿ.

"ಕಲ್ಲಿದ್ದಲು?"

"ಮುಗೀತು ಸಾರ್. ಗಣೀಲಿ ಈಗ ನೀರು."

"ಟೈರಿಗೆ ದುಡ್ಡು ಯಾರದು?"

"ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

"ಯಾರಿಗೆ?"

"ದರ್ಜಿಗೆ. ಕ್ಷೌರಿಕನಿಗೆ. ಬ್ಯಾಂಕ್ ಮ್ಯಾನೇಜರಿಗೆ. ಔಷಧಿ ಅಂಗಡಿಯವನಿಗೆ..."

ಒಬ್ಬೊಬ್ಬರೂ ಕದ್ದು ಬರುತ್ತಿದ್ದರಂತೆ. ಒಬ್ಬೊಬ್ಬರದೂ ಅದೇ ಪಿಸುಮಾತು: 'ಕಲ್ಲಿದ್ದಲು ಮುಗಿದದ್ದು ನನಗೊಬ್ಬನಿಗೇ ಗೊತ್ತು. ನಾನು ಎಲ್ಲ ಮಾರಿ ಹೊರಡೋವರೆಗೆ ಹೊಗೆ ಬಿಡ್ತಿರು ಮಾರಾಯ!'

ಊರಿಗೆ ಊರೇ ಒಬ್ಬರಿಗೊಬ್ಬರು ಹೊಗೆ ತೋರಿಸುತ್ತಿತ್ತು!

"ದುಡ್ಡು ಎಲ್ರೂ ಕೊಡ್ತಾರೆ ಸಾರ್," ಎಂದ ಮೇಸ್ತ್ರಿ. "ಬಿಸಿ ಊಟ ಕಳ್ಸೋದು ನಿಮ್ಮಕ್ಕ ಒಬ್ರೇ."

ಅಂದರೆ ಅಕ್ಕನೂ ಇದರಲ್ಲಿ ಸೇರಿದ್ದಾಳೆ!

ಅಷ್ಟರಲ್ಲಿ ಗೇಟಿನಲ್ಲಿ ಟೆಂಪೋ. ಟೈರು ತರುವವನು! ನನ್ನ ಮುಖ ನೋಡಿದ, ತೆರೆದ ಚಿಮಣಿ ಬಾಗಿಲು ನೋಡಿದ, ಗೇರು ಬದಲಿಸಿದ.

"ಇವ್ನು ಬಾಯಿಬಿಟ್ರೆ ನನ್ ವ್ಯಾಪಾರ ಢಮಾರ್!"

ಮೇಸ್ತ್ರಿಯ ಸೈಕಲ್ ಹತ್ತಿದೆ. ತುಳಿದೆ!

ಸಂತೆಪೇಟೆಯ ತಿರುವಿನಲ್ಲಿ ಟೆಂಪೋ ನನ್ನ ಬೆನ್ನು ಮೂಸುತ್ತಿತ್ತು. ಗಕ್ಕನೆ ಗಲ್ಲಿಗೆ ನುಗ್ಗಿದೆ. ಅವನು ಬ್ರೇಕ್ ಒತ್ತಿದ. ಟೆಂಪೋ ನಿಂತಿತು, ಟೈರುಗಳು ನಿಲ್ಲಲಿಲ್ಲ! ಒಂದು ಟೈರು ನನ್ನನ್ನು ಓವರ್‌ಟೇಕ್ ಮಾಡಿ, ಗಲ್ಲಿ ದಾಟಿ, ಬ್ಯಾಂಕಿನ ಬಾಗಿಲು ಬಡಿಯಿತು.

ಮ್ಯಾನೇಜರ್ ಹೊರಗೆ ಬಂದ. ಟೈರು ನೋಡಿದ. ಬೆವತ.

"ಇದು ನನ್ನದಲ್ಲ!" ಎಂದು ಕೂಗಿದ.

ಯಾರೂ ಕೇಳಿರಲಿಲ್ಲ.

ಮೆಸ್ಸಿನಲ್ಲಿ ಕೋಟಿನವನು ಪೆನ್ನಿನ ಮುಚ್ಚಳ ತೆಗೆದು ಕೂತಿದ್ದ. ನಾನು ಬಾಯಿ ತೆರೆಯುವ ಮುಂಚೆ ಅಕ್ಕ ನನ್ನ ಕಾಲರ್ ಹಿಡಿದು ಅಡುಗೆಮನೆಗೆ ಎಳೆದಳು.

"ಮೈಯೆಲ್ಲ ಮಸಿ! ಅಲ್ಲಿಗೆ ಹೋಗಿದ್ದೆ, ಅಲ್ವಾ?"

"ಅಕ್ಕಾ, ಅವನಿಗೆ ಇದು ಮೋಸ ಅಲ್ವೇನೆ?"

"ಮೋಸಾನೇ. ಏನೀಗ? ಇಡೀ ಶಿಫ್ಟು ಇಲ್ಲಿ ಉಣ್ತಿತ್ತು ಕಣೋ. ಈಗ ಊಟದ ಹೊತ್ತು. ಹೊರಗೆ ಎಷ್ಟು ಜನ ಇದಾರೆ, ಎಣಿಸು."

"ನೊಣ ಸೇರಿಸಿಯಾ?"

ಬೆನ್ನಿಗೊಂದು ಬಿತ್ತು.

"ಅವನೂರಲ್ಲಿ ಗ್ಯಾಸಿದೆ. ಬಾವಿ ಮೇಲೆ ಆಳೆತ್ತರ ಜ್ವಾಲೆ ಉರೀತಾನೇ ಇರುತ್ತಂತೆ. ಅಲ್ಲಿ ಹೋಗಿ ಬದುಕ್ಕೋತೀನಿ. ನೀನು ಬಾಯಿಬಿಟ್ಟೆ ಅಂದ್ರೆ ಇನ್ಮೇಲೆ ನಿಂಗೆ ಇಲ್ಲಿ ತಟ್ಟೆ ಇಲ್ಲ!"

"ಜ್ವಾಲೆ ನೋಡಿದೀಯಾ?"

"ಫೋಟೋ ತೋರಿಸ್ದ."

ಹೊರಗೆ ಬಂದೆ. ಕೋಟಿನವನು ಹುಬ್ಬೇರಿಸಿದ.

"ಏನಂತೀರಿ ಪತ್ತೇದಾರರೇ? ಹೊಗೆ?"

ಸುಳ್ಳು ಹೇಳಿದರೆ ಅಕ್ಕ ಇವತ್ತು ಪಾರು. ಆದರೆ ನಾಳೆ ಇವನು ಹೊಗೆಯ ಬುಡ ಹುಡುಕಿದರೆ? ಅಲ್ಲಿ ಸಿಗುವುದು ಅಕ್ಕನ ಊಟದ ಕ್ಯಾರಿಯರ್! ಆಮೇಲೆ ಅವಳು ಉಣ್ಣುವುದು ಜೈಲಿನಲ್ಲಿ.

"ಟೈರು," ಎಂದೆ.

ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದು.

ಕೋಟಿನವನಿಗೆ ಕೋಪ ಬರಲಿಲ್ಲ. ಕಣ್ಣರಳಿತು!

"ಟೈರಾ? ಅಷ್ಟು ಅಗ್ಗದಲ್ಲಿ ಆಗುತ್ತಾ? ಛೆ! ನಮಗೆ ಆ ಜ್ವಾಲೆ ಉರಿಸೋಕೆ ಅಡುಗೆ ಸಿಲಿಂಡರ್ ತಂದೂ ತಂದೂ..."

ನಾಲಗೆ ಕಚ್ಚಿಕೊಂಡ.

ತಡವಾಗಿತ್ತು. ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಕೈಯಲ್ಲಿ ಲಟ್ಟಣಿಗೆ.

"ಏನಂದ್ರಿ ಅಣ್ಣಾ?" ಎಷ್ಟು ಮೆತ್ತಗಿನ ದನಿ! ಅಷ್ಟು ಮೆತ್ತಗೆ ಅವಳು ಮಾತಾಡಿದ್ದು ನಾನು ಕೇಳಿದ್ದು ಎರಡೇ ಸಲ. ಎರಡು ಸಲವೂ ನನಗೆ ಹೊಲಿಗೆ ಬಿದ್ದಿತ್ತು.

ಕೋಟಿನವನು ಕಿಟಕಿಯಿಂದ ಹಾರಿದ. ಬಾಗಿಲು ತೆರೆದೇ ಇತ್ತು!

ಅಕ್ಕ ಕರಾರುಪತ್ರ ಹರಿದು ಒಲೆಗೆ ಹಾಕಿದಳು. ಖಾಲಿ ಬೆಂಚುಗಳ ಮೇಲೆ ಕಣ್ಣಾಡಿಸಿದಳು. ಆಮೇಲೆ ಸೆರಗು ಸಿಕ್ಕಿಸಿದಳು.

"ಮೇಸ್ತ್ರೀನ ಕರ್ಕೊಂಡು ಬಾ. ಆ ಉರಿ ಆರಿಸಿ, ಬಂದು ಈ ಒಲೆ ನೋಡ್ಕೊಳ್ಳಲಿ."

"ಉಣ್ಣೋರು ಯಾರಕ್ಕಾ?"

"ಹೆದ್ದಾರೀಲಿ ಹೋಗೋ ಲಾರಿಯವರಿಗೆ ಹೊಟ್ಟೆ ಇಲ್ವಾ? ಅವರೇನು ಚಿಮಣಿ ನೋಡಿ ಊಟಕ್ಕೆ ಕೂರ್ತಾರಾ? ರಸ್ತೇಲಿ ನಿಂತು ಕೈ ತೋರಿಸು ಹೋಗು. ದಂಡಪಿಂಡ!"

ಮರುದಿನ ಆಕಾಶ ತೊಳೆದಿಟ್ಟಂತಿತ್ತು. ಊರಿನ ಹಿಂದೆ ಒಂದು ಗುಡ್ಡವಿರುವುದು ನನಗೆ ಅವತ್ತೇ ತಿಳಿದದ್ದು.

ಬೀದಿಯಲ್ಲಿ ಹಾಹಾಕಾರ! "ಅಯ್ಯೋ, ಹೊಗೆ ಎಲ್ಲಿ?" "ನಂಗೇನೂ ಗೊತ್ತಿರಲಿಲ್ಲಪ್ಪ!" ದರ್ಜಿಯ ನಟನೆ ಪರವಾಗಿಲ್ಲ. ಬ್ಯಾಂಕ್ ಮ್ಯಾನೇಜರನದು ಅತಿಯಾಯಿತು.

ಅಕ್ಕನ ಅಡುಗೆಮನೆಯಲ್ಲಿ ಮೇಸ್ತ್ರಿ ಈರುಳ್ಳಿ ಹೆಚ್ಚುತ್ತಿದ್ದ. ಟೈರಿನ ಹೊಗೆಗೆ ಬಾರದ ಕಣ್ಣೀರು ಧಾರಾಕಾರ. ಹೊರಗೆ ಮೂರು ಲಾರಿ ನಿಂತಿದ್ದವು.

ಆಗ ಊರಿನ ಗಣ್ಯರೆಲ್ಲ ಗುಂಪುಕಟ್ಟಿ ನನ್ನ ಆಫೀಸಿಗೆ ಬಂದರು. ಹೊಗೆ ನಿಲ್ಲಿಸಿದ ದ್ರೋಹಿ ಯಾರೆಂದು ಪತ್ತೆ ಮಾಡಬೇಕಂತೆ!

ಒಪ್ಪಿಕೊಂಡೆ. ಬಹಳ ಜಟಿಲವಾದ ಕೇಸು, ವರ್ಷಗಟ್ಟಲೆ ಹಿಡಿಯುತ್ತದೆ ಎಂದೆ... ಊರಿನಲ್ಲಿ ಈಗ ಕಾಯಂ ನೌಕರಿ ಇರುವುದು ನನಗೊಬ್ಬನಿಗೇ!