ಹಿಂಬಾಗಿಲ ಸಾಲು

"ಇದೆಂತ ಅಕ್ಕಾ... ಬ್ರಾಂದಿ ಅಂತ ಹೇಳಿ ಕಟ್ಟನ್ ಚಾಯ ಕೊಡ್ತಿದ್ದೀಯ?"

ಆನಂದ್ ಬಾಯಲ್ಲಿದ್ದುದನ್ನು ಅಂಗಳಕ್ಕೆ ಉಗುಳಿ ನಗತೊಡಗಿದ. ಗಂಗೆ ನಗಲಿಲ್ಲ. ತಮ್ಮನ ಕೈಯಿಂದ ಲೋಟ ಕಿತ್ತುಕೊಂಡು ಮೂಸಿ ನೋಡಿದಳು. ಹಾಲು ಹಾಕದ ಚಹಾ, ಅದೂ ತಣ್ಣಗಿನದು. ಒಳಗೆ ಹೋಗಿ ಬೀರುವಿನಿಂದ ಇನ್ನೊಂದು ಬಾಟಲಿ ತೆಗೆದಳು. ಅದರಲ್ಲೂ ಚಹಾ! ಅದರ ಹಿಂದಿದ್ದ ಬಾಟಲಿಯ ತಳದಲ್ಲಿ ಮಾತ್ರ ಒಂದಿಷ್ಟು ಬ್ರಾಂದಿ ಉಳಿದಿತ್ತು.

ಸುಂಟಿಕೊಪ್ಪದಿಂದ ಸ್ವಲ್ಪ ಹೊರಗೆ, ಎಸ್ಟೇಟಿನ ಕೂಲಿಯವರ ಲೈನ್‌ಮನೆಗಳಿಗೆ ಹೋಗುವ ದಾರಿಯ ತಿರುವಿನಲ್ಲಿ ಗಂಗೆಯ ಮನೆ. ಗಂಡ ಸೈನ್ಯದಲ್ಲಿದ್ದವನು. ಅವನು ತೀರಿಕೊಂಡ ಮೇಲೂ ಅವಳ ಕಾರ್ಡಿಗೆ ಮಿಲಿಟರಿ ಕ್ಯಾಂಟೀನಿನ ಬಾಟಲಿಗಳು ಸಿಗುತ್ತಿದ್ದವು. ನೆಂಟರಿಗೆ, ತಿಥಿಗೆ, ಬಾಣಂತಿಗೆ ಎಂದು ಆಕೆ ಅವನ್ನು ಬೀರುವಿನಲ್ಲಿ ಜೋಡಿಸಿಡುತ್ತಿದ್ದಳು. ಬೀರುವಿಗೆ ಬೀಗ ಹಾಕುವ ಅಭ್ಯಾಸ ಇರಲಿಲ್ಲ; ಕೀಲಿ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಮನೆಯಲ್ಲಿ ಇದ್ದವರಾದರೂ ಎಷ್ಟು ಜನ? ಗಂಗೆ, ಎಸ್ಟೇಟಿನ ಜೀಪು ಓಡಿಸುವ ಮಗ ಧರ್ಮೇಂದ್ರ, ಸೊಸೆ ರಶ್ಮಿತಾ, ಇನ್ನೂ ಎರಡು ತುಂಬದ ಮೊಮ್ಮಗಳು ಪುಟ್ಟಿ. ಮಗಳು ಶೋಭಿತಾ ಗಂಡನ ಮನೆಯಲ್ಲಿದ್ದಳು, ತುಂಬು ಗರ್ಭಿಣಿ. ಅವಳನ್ನು ಹೆರಿಗೆಗೆ ಯಾವಾಗ ಕರೆತರುವುದು ಎಂದು ಮಾತಾಡಲೆಂದೇ ಆನಂದ್ ಸಂಪಾಜೆಯಿಂದ ಬಂದಿದ್ದ.

"ಧರ್ಮೇಂದ್ರಾ!"

ಊಟಕ್ಕೆ ಬಂದಿದ್ದ ಮಗ ಕೈ ತೊಳೆಯುತ್ತಿದ್ದವನು ಹಾಗೆಯೇ ತಿರುಗಿದ.

"ಅಪ್ಪ ಬಿಟ್ಟುಹೋದ ಮರ್ಯಾದೆ ಇದು. ಅದನ್ನೂ ಕುಡಿದು ಚಾ ತುಂಬಿಸಿಟ್ಟಿದ್ದೀಯಲ್ಲ... ನಾಚಿಕೆ ಆಗೂದಿಲ್ವಾ ನಿಂಗೆ?"

"ಅವ್ವಾ, ದೇವರಾಣೆ ನಾನಲ್ಲ. ಜೀಪು ಓಡಿಸುವವ ನಾನು. ಮಕ್ಕಳು ಕೂತಿರ್ತಾರೆ."

"ನೀನಲ್ಲ ಅಂದ್ರೆ ನಾನು ಕುಡಿದದ್ದಾ? ಇಲ್ಲಾ ನಿನ್ನ ಹೆಂಡತಿ ಕುಡಿದದ್ದಾ?"

ಅಡುಗೆಮನೆಯಲ್ಲಿ ತಟ್ಟೆಯೊಂದು ಬಿದ್ದು ಉರುಳಿತು.

"ನೋಡು, ಅವಳ ಕೈಯಲ್ಲಿ ಒಂದು ತಟ್ಟೆ ನಿಲ್ಲೂದಿಲ್ಲ. ಕೈಯಲ್ಲಿ ಜೀವ ಇಲ್ವಾ ರಶ್ಮೀ?" ಎಂದು ಗಂಗೆ ಅತ್ತ ಕೂಗಿ, ಮಗನ ತೋಳು ಹಿಡಿದಳು. "ನಡಿ. ಇವತ್ತು ಮಂಗಳವಾರ. ವ್ಯಾನು ಬಂದಿದೆ. ಎಲ್ಲರ ಮುಂದೆ ಊದು!"

ಮಂಗಳವಾರದ ವ್ಯಾನು ಲೈನ್‌ಮನೆಗಳ ಮುಂದಿನ ಮೈದಾನದಲ್ಲಿ ನಿಲ್ಲುತ್ತಿತ್ತು. ಆಸ್ಪತ್ರೆಗೆ ಹೋಗಲು ಒಂದು ದಿನದ ಕೂಲಿ ಬಿಡಬೇಕಾದವರ ಬಳಿಗೆ ಆಸ್ಪತ್ರೆಯೇ ಬರಲಿ ಎಂದು ಒಂದು ಸಂಸ್ಥೆ ಅದನ್ನು ಕಳಿಸುತ್ತಿತ್ತು. ಮುಂದಿನ ಮೇಜಿನಲ್ಲಿ ಬಿಪಿ, ಶುಗರ್, ಗಾಯಕ್ಕೆ ಪಟ್ಟಿ. ಹಿಂಬಾಗಿಲಲ್ಲಿ ಕುಡಿತ ಬಿಡುವವರಿಗೆ ಮಾತು, ಮಾತ್ರೆ ಮತ್ತು ಊದಿದರೆ ಕುಡಿದದ್ದನ್ನು ತೋರಿಸುವ ಯಂತ್ರ. ಮುಂದಿನ ಸಾಲು ಮೈದಾನದ ಅಂಚಿನವರೆಗೆ ಬೆಳೆಯುತ್ತಿತ್ತು. ಹಿಂಬಾಗಿಲಿನ ಮುಂದೆ ನಾಯಿಯೂ ಮಲಗುತ್ತಿರಲಿಲ್ಲ. ಅಲ್ಲಿ ನಿಂತವನು ಏನೆಂದು ಇಡೀ ಲೈನಿಗೆ ಗೊತ್ತಾಗುತ್ತದಲ್ಲ! ಕುಡಿದು ಕುಡಿದು ಕಾಲು ಊದಿಕೊಂಡವರೂ ಬಿಪಿ ಸಾಲಿನಲ್ಲೇ ನಿಂತು, ಬಿಪಿ ಮಾತ್ರೆಯನ್ನೇ ತೆಗೆದುಕೊಂಡು ಹೋಗುತ್ತಿದ್ದರು.

ಗಂಗೆ ಮಗನನ್ನು ನೇರವಾಗಿ ಹಿಂಬಾಗಿಲಿಗೆ ಎಳೆದುತಂದಳು. ಹಿಂದೆ ಆನಂದ್. ಅವನ ಹಿಂದೆ ಮಗುವನ್ನು ಎತ್ತಿಕೊಂಡ ರಶ್ಮಿತಾ.

ನರ್ಸ್ ಸೌಮ್ಯ ಕೆಳಗಿಳಿದು ಬಂದಳು. "ಅಮ್ಮಾ, ಒಳಗೆ ಬನ್ನಿ. ಇಲ್ಲಿ ಬೇಡ."

"ಒಳಗೆ ಯಾಕೆ? ಕದ್ದು ಕುಡಿದವ ಎಲ್ಲರ ಮುಂದೆಯೇ ಊದಲಿ."

ಬಿಪಿ ಸಾಲಿನಿಂದ ಕಾಫಿ ಕೊಯ್ಯುವ ಕೆಂಚ ಕೂಗಿದ, "ಸಿಸ್ಟರೇ, ನಂಗೆ ಮಾತ್ರ ಊದಲಿಕ್ಕೆ ಕೊಡಬೇಡಿ. ಮಿಷನ್ ಸುಟ್ಟುಹೋಗ್ತದೆ!"

ಸಾಲಿಗೆ ಸಾಲೇ ನಕ್ಕಿತು. ಅವಮಾನದಿಂದ ಕೆಂಪಾದ ಧರ್ಮೇಂದ್ರ ಸೌಮ್ಯಳ ಕೈಯಿಂದ ಯಂತ್ರವನ್ನು ತಾನೇ ತೆಗೆದುಕೊಂಡು ಜೋರಾಗಿ ಊದಿದ. ಸೊನ್ನೆ. ಮತ್ತೆ ಊದಿದ. ಸೊನ್ನೆಯೇ.

ಆದರೆ ವಿಷಯ ಅಷ್ಟಕ್ಕೇ ಮುಗಿಯಲಿಲ್ಲ. ಕೂಲಿಯವರ ಹಾಜರಿ ನೋಡಲು ಬಂದಿದ್ದ ಎಸ್ಟೇಟಿನ ರೈಟರ್ ಚೇತನ್‌ಕುಮಾರ್ ಇದನ್ನೆಲ್ಲ ಕೇಳಿಸಿಕೊಂಡು ನಿಂತಿದ್ದರು.

"ಇವತ್ತು ಕುಡಿದಿಲ್ಲ ಅಂತ ಮಿಷನ್ ಹೇಳ್ತದೆ. ನಿನ್ನೆಯದ್ದು ಅದಕ್ಕೆ ಗೊತ್ತಿಲ್ಲ. ಹೆತ್ತ ತಾಯಿಯೇ ಹೇಳುವಾಗ ನಾನು ಹೇಗೆ ನಂಬಲಿ ಧರ್ಮೇಂದ್ರ? ಜೀಪಿನಲ್ಲಿ ಶಾಲೆ ಮಕ್ಕಳು ಹೋಗ್ತಾರೆ. ನಾಳೆಯಿಂದ ನೀನು ಜೀಪು ಮುಟ್ಟಬೇಡ."

"ಸಾರ್, ನಾನಲ್ಲ ಸಾರ್..."

"ಮತ್ತೆ ಬಾಟ್ಲಿ ಖಾಲಿ ಮಾಡಿದ್ದು ಯಾರು? ನಿಮ್ಮ ಮನೆಯಲ್ಲಿ ಇರೋ ಗಂಡಸು ನೀನೊಬ್ಬ."

ಧರ್ಮೇಂದ್ರ ತಾಯಿಯ ಮುಖ ನೋಡಿದ. ಗಂಗೆ ನೆಲ ನೋಡಿದಳು.

ಆಗ ರಶ್ಮಿತಾ ಮಗುವನ್ನು ಆನಂದ್‌ನ ಕೈಗೆ ಕೊಟ್ಟಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಮುಂದೆ ಬಂದಳು.

"ಅವರನ್ನು ಬಿಡಿ ಸಾರ್." ಅವಳ ಸ್ವರ ಪಕ್ಕದವರಿಗಷ್ಟೇ ಕೇಳುವಂತಿತ್ತು. "ಸಿಸ್ಟರ್... ಅದನ್ನು ನಂಗೆ ಕೊಡಿ."

ಸೌಮ್ಯ ಅವಳ ನಡುಗುವ ಬೆರಳುಗಳನ್ನು ನೋಡಿದಳು. "ಬೇಡಮ್ಮ. ಒಳಗೆ ಹೋಗುವ."

"ಇಲ್ಲೇ ಕೊಡಿ. ಒಳಗೆ ಹೋದ್ರೆ ಇವರ ಕೆಲಸ ಹೋಗ್ತದೆ."

ಅವಳು ಊದಿದಳು. ಯಂತ್ರ ಕೆಂಪು ದೀಪ ಹತ್ತಿಸಿ ಕಿರುಚಿಕೊಂಡಿತು.

ನಗು ನಿಂತಿತು! ಕೆಂಚ ತೆರೆದ ಬಾಯಿ ಮುಚ್ಚಲಿಲ್ಲ. ರೈಟರು ತಲೆ ತಗ್ಗಿಸಿ ಅಲ್ಲಿಂದ ಸರಿದುಹೋದರು. ಮಟಮಟ ಮಧ್ಯಾಹ್ನ, ಅಡುಗೆ ಮಾಡಿಟ್ಟು ಬಂದ ಹೆಂಗಸು, ಹಾಲು ಕುಡಿಯುವ ಮಗುವಿನ ತಾಯಿ... ಧರ್ಮೇಂದ್ರ ಹೆಂಡತಿಯನ್ನು ಮೊದಲ ಸಲ ಕಂಡವನಂತೆ ನೋಡಿದ.

"ಅವ್ವ ನನ್ನನ್ನು ಬೈಯುವಾಗ... ನೀನು ಅಲ್ಲೇ ಇದ್ದೆಯಲ್ಲ ರಶ್ಮಿ..."

"ಮಗುವನ್ನು ಕಿತ್ಕೊಳ್ತಾರೆ ಅಂತ ಹೆದರಿಕೆಯಾಯ್ತು" ಎಂದಳು ರಶ್ಮಿತಾ. ಅವಳ ಕಣ್ಣಲ್ಲಿ ನೀರಿರಲಿಲ್ಲ.

ವ್ಯಾನಿನೊಳಗೆ ಆಪ್ತಸಮಾಲೋಚಕ ಕೀರ್ತಿಕುಮಾರ್ ಅವರನ್ನು ಕೂರಿಸಿ, ಎಲ್ಲರಿಗೂ ನೀರು ಕೊಟ್ಟು, ಒಂದೇ ಪ್ರಶ್ನೆ ಕೇಳಿದರು. "ಯಾವಾಗ ಶುರುವಾಯ್ತಮ್ಮ?"

ರಶ್ಮಿತಾ ಅತ್ತೆಯ ಕಡೆ ತಿರುಗಲಿಲ್ಲ. "ಪುಟ್ಟಿ ಹುಟ್ಟಿದಾಗ. ಬಾಣಂತಿ ಮದ್ದು ಅಂತ. ದಿನಾ ಸ್ನಾನ ಆದ ಮೇಲೆ ಬ್ರಾಂದಿಗೆ ಕಾಳುಮೆಣಸು, ಬೆಲ್ಲ ಹಾಕಿ ಬಿಸಿ ಮಾಡಿ... ಅತ್ತೆನೇ ಕೊಡ್ತಿದ್ರು. ನಂಗೆ ವಾಂತಿ ಬರ್ತಿತ್ತು. ಮೂಗು ಹಿಡಿದು ಕುಡಿ, ಸೊಂಟ ಗಟ್ಟಿಯಾಗ್ತದೆ ಅಂತಿದ್ರು. ಬಾಣಂತನ ಮುಗಿದ ಮೇಲೆ ಅವರು ಕೊಡೂದು ನಿಲ್ಲಿಸಿದ್ರು. ಆದ್ರೆ ನಂಗೆ ನಿದ್ದೆ ಬರ್ಲಿಲ್ಲ. ಸ್ವಲ್ಪ ತೆಗೊಂಡೆ. ಆಮೇಲೆ... ಬೆಳಿಗ್ಗೆ ಒಂದು ಗುಟುಕು ತೆಗೊಳ್ಳದಿದ್ರೆ ಮಗುವನ್ನು ಎತ್ತಿಕೊಳ್ಳಲಿಕ್ಕೂ ಕೈ ನಿಲ್ಲೂದಿಲ್ಲ ಸಾರ್."

"ಸುಳ್ಳು!" ಗಂಗೆ ಎದ್ದು ನಿಂತಳು. "ನಾನು ಕುಡಿದಿದ್ದೇನೆ. ನನ್ನವ್ವ ಕುಡಿದಿದ್ದಾಳೆ. ಇಬ್ಬರೂ ಬಾಣಂತನ ಮುಗಿಸಿ ಬಿಟ್ಟೆವು. ನಮಗೆ ಏನೂ ಆಗ್ಲಿಲ್ಲ. ಇವಳಿಗೆ ಮಾತ್ರ ಹೇಗೆ ಆಗ್ತದೆ? ಕುಡುಕಿ! ನನ್ನ ತಲೆಗೆ ಕಟ್ಟಲಿಕ್ಕೆ ನೋಡ್ತಾಳೆ!"

"ಎಲ್ಲರಿಗೂ ಅಂಟುವುದಿಲ್ಲಮ್ಮ. ಕೆಲವರಿಗೆ ಅಂಟುತ್ತದೆ. ಯಾರಿಗೆ ಅಂತ ಕೊಡುವ ಮೊದಲು ಯಾರಿಗೂ ಗೊತ್ತಾಗುವುದಿಲ್ಲ" ಎಂದರು ಕೀರ್ತಿಕುಮಾರ್. ಆಮೇಲೆ ಧರ್ಮೇಂದ್ರನಿಗೆ ಹೇಳಿದರು, "ಇದನ್ನು ಗಮನವಿಟ್ಟು ಕೇಳಿ. ಮನೆಯಲ್ಲಿ ಒಮ್ಮೆಗೇ ನಿಲ್ಲಿಸಬೇಡಿ. ಇಷ್ಟು ಅಭ್ಯಾಸವಾದ ಮೈ ತಕ್ಷಣ ತಡೆಯುವುದಿಲ್ಲ, ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಮಡಿಕೇರಿ ಆಸ್ಪತ್ರೆಗೆ ಸೇರಿಸಿ. ಔಷಧಿ ಕೊಟ್ಟು ನಿಧಾನಕ್ಕೆ ಬಿಡಿಸುತ್ತಾರೆ."

ಸೌಮ್ಯ ಫೋನ್ ನಂಬರು ಕೊಟ್ಟಳು. ಧರ್ಮೇಂದ್ರ ಅದನ್ನು ಜೇಬಿಗೆ ಹಾಕಿಕೊಂಡ.

ಆದರೆ ಮನೆಗೆ ಬಂದ ಮೇಲೆ ನಡೆದದ್ದು ಗಂಗೆಯ ಮಾತು. ಆಸ್ಪತ್ರೆಗೆ ಸೇರಿಸಿದ್ದು ಯಾವ ಕಾಯಿಲೆಗೆ ಅಂತ ನೆಂಟರಿಗೆ ಹೇಳುವುದು? ಶೋಭಿತಾಳ ಗಂಡನ ಮನೆಯವರಿಗೆ ಗೊತ್ತಾದರೆ? ಅವಳು ಮೊಳೆಯಲ್ಲಿದ್ದ ಕೀಲಿ ತೆಗೆದು ಬೀರುವಿಗೆ ಬೀಗ ಹಾಕಿ, ಕೀಲಿಯನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡಳು. ಪುಟ್ಟಿಯನ್ನು ತನ್ನ ಕೋಣೆಗೆ ಎತ್ತಿಕೊಂಡು ಹೋದಳು.

"ಕುಡಿಯಲಿಕ್ಕೆ ಸಿಗದಿದ್ರೆ ತಾನಾಗಿ ಬಿಡ್ತಾಳೆ. ಆಸ್ಪತ್ರೆಯೂ ಬೇಡ, ಮಣ್ಣೂ ಬೇಡ. ಬಿಟ್ಟ ಮೇಲೆ ಮಗುವನ್ನು ಮುಟ್ಟಲಿ."

"ಆ ಸಾರ್ ಹೇಳಿದ್ದು ಕೇಳ್ಲಿಲ್ವಾ ಅವ್ವಾ..."

"ಹೆತ್ತವಳ ಮಾತಿಗಿಂತ ವ್ಯಾನಿನವನ ಮಾತು ದೊಡ್ಡದಾಯ್ತಾ?"

ಧರ್ಮೇಂದ್ರ ಜೇಬಿನಲ್ಲಿದ್ದ ಫೋನ್ ನಂಬರನ್ನು ಹೊರಗೆ ತೆಗೆಯಲಿಲ್ಲ. ಹೆಂಡತಿಯ ಮೇಲೆ ಅವನಿಗೂ ಸಿಟ್ಟಿತ್ತು. ಆ ಸಿಟ್ಟು ಅವನ ಬುದ್ಧಿಗೆ ಅಡ್ಡ ಬಂತು.

ಮರುದಿನವೆಲ್ಲ ರಶ್ಮಿತಾ ಬೆವರಿದಳು, ವಾಂತಿ ಮಾಡಿದಳು. ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ತೋರಿಸಿ ಒರೆಸಲು ಹೇಳಿದಳು. "ನಾಟಕ" ಎಂದಳು ಗಂಗೆ. ಅದರ ಮರುದಿನ ಬೆಳಿಗ್ಗೆ ಮಗು ಅಜ್ಜಿಯ ಕೈ ತಪ್ಪಿಸಿಕೊಂಡು ಅಡುಗೆಮನೆಗೆ ಓಡಿತು. "ಅಮ್ಮಾ..." ಎನ್ನುವಷ್ಟರಲ್ಲಿ ಒಳಗಿಂದ ಧಡ್ ಎಂಬ ಸದ್ದು!

ಗಂಗೆ ಓಡಿಬಂದಾಗ ಸೊಸೆ ನೆಲದಲ್ಲಿ ಬಿದ್ದಿದ್ದಳು. ಮೈಯೆಲ್ಲ ಸೆಟೆದು ಅದುರುತ್ತಿತ್ತು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು, ಬಾಯಲ್ಲಿ ನೊರೆ, ನೊರೆಯಲ್ಲಿ ರಕ್ತ. ಎರಡು ಹೆಜ್ಜೆ ಆಚೆ ಒಲೆಯ ಮೇಲೆ ಸ್ನಾನದ ನೀರು ಕುದಿಯುತ್ತಿತ್ತು. ಆ ನೀರಿಗೂ ತಾಯಿಗೂ ನಡುವೆ ಪುಟ್ಟಿ ನಿಂತಿತ್ತು, ಅಳುವುದನ್ನೂ ಮರೆತು...

"ಅಯ್ಯೋ ಧರ್ಮಾ... ರಶ್ಮೀ... ಬಾರೋ!"

ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬೇಕೆಂದು ಗಂಗೆ ಚಿಕ್ಕಂದಿನಿಂದ ಕೇಳಿದ್ದಳು. ಕೈಗೆ ಸಿಕ್ಕಿದ್ದು ಸೆರಗಿನ ಕೀಲಿ. ಗಂಟು ಬಿಚ್ಚಲಾಗದೆ ಸೀರೆಯನ್ನೇ ಹರಿದು, ಬೀರುವಿನ ಕೀಲಿಯನ್ನು ಸೊಸೆಯ ಮುಷ್ಟಿಗೆ ತುರುಕಿ ಒತ್ತಿ ಹಿಡಿದಳು. ಬೆರಳು ಬಿಗಿದವು. ಅದುರುವುದು ನಿಲ್ಲಲಿಲ್ಲ.

ಧರ್ಮೇಂದ್ರ ಒಂದು ಕೈಯಲ್ಲಿ ಮಗುವನ್ನು ಎತ್ತಿ, ಇನ್ನೊಂದು ಕೈಯಲ್ಲಿ ಸೌಮ್ಯಳಿಗೆ ಫೋನ್ ಮಾಡಿದ. ಅವಳ ಸ್ವರ ಇಡೀ ಅಡುಗೆಮನೆಗೆ ಕೇಳಿಸಿತು.

"ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ಏನೂ ಹಾಕಬೇಡಿ, ನೀರೂ ಬೇಡ. ಕೈಗೆ ಕೀಲಿ, ಕಬ್ಬಿಣ ಏನಾದ್ರೂ ಕೊಟ್ಟಿದ್ರೆ ತೆಗೆಯಿರಿ, ಅದರಿಂದ ಏನೂ ಆಗುವುದಿಲ್ಲ. ಕುಡಿಯುವುದನ್ನು ಒಮ್ಮೆಗೇ ನಿಲ್ಲಿಸಿದ್ರಾ?"

ಧರ್ಮೇಂದ್ರ ತಾಯಿಯ ಕಡೆ ನೋಡಿದ.

"ಬೀಗ ಹಾಕಿದೆ" ಎಂದಳು ಗಂಗೆ. "ನಾನೇ ಹಾಕಿದೆ... ನಾನೇ!"

"ತಕ್ಷಣ ಹೊರಡಿ. ನಾನು ಆಸ್ಪತ್ರೆಗೆ ಹೇಳಿರ್ತೇನೆ."

ಎಸ್ಟೇಟಿನ ಜೀಪಿನ ಹಿಂದಿನ ಸೀಟಿನಲ್ಲಿ ಗಂಗೆ ಸೊಸೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ದಾರಿಯಲ್ಲಿ ಇನ್ನೊಮ್ಮೆ ಮೈ ಸೆಟೆಯಿತು. ಆ ಮುಷ್ಟಿ ಬಿಡಿಸಿದಾಗ ಅಂಗೈಯಲ್ಲಿ ಕೀಲಿಯ ಗುರುತು ನೀಲಿಗಟ್ಟಿತ್ತು. ಗಂಗೆ ಅದನ್ನೇ ನೋಡುತ್ತಾ ಕೂತಳು. ಮೂಗು ಹಿಡಿದು ಕುಡಿ ಎಂದು ಲೋಟ ಕೊಟ್ಟದ್ದು ಇದೇ ಅಂಗೈಗೆ. ಅಂದು ಈ ಹುಡುಗಿ ವಾಂತಿ ಬರ್ತದೆ ಅತ್ತೆ, ಬೇಡ ಅಂದಿದ್ದಳು... ಹೌದು, ಅಂದಿದ್ದಳು! ತಾಯಿ ಇಲ್ಲದ ಹುಡುಗಿ, ತವರಿನ ಬಾಣಂತನ ಇಲ್ಲದವಳು, ಚೆನ್ನಾಗಿ ಆರೈಕೆ ಮಾಡಬೇಕು ಎಂದು ಇನ್ನೂ ಒಂದಿಷ್ಟು ಸೇರಿಸಿಯೇ ಕೊಟ್ಟಿದ್ದಳು ಗಂಗೆ.

ಜೀವ ಉಳಿಯಿತು. "ಇನ್ನೂ ತಡವಾಗಿದ್ದರೆ ನಾನು ಹೇಳುವ ಮಾತು ಬೇರೆ ಇರುತ್ತಿತ್ತು" ಎಂದಷ್ಟೇ ಹೇಳಿ ಡಾಕ್ಟರು ಮುಂದಿನ ಹಾಸಿಗೆಗೆ ಹೋದರು.

ರಶ್ಮಿತಾ ಮನೆಗೆ ಬಂದಾಗ ಪುಟ್ಟಿ ತಾಯಿಯ ಹತ್ತಿರ ಹೋಗಲಿಲ್ಲ. ಬಾಗಿಲ ಸಂದಿಯಿಂದ ನೋಡಿ ಓಡಿಹೋಯಿತು. ರಶ್ಮಿತಾ ಅದನ್ನು ಕರೆಯಲಿಲ್ಲ. ಗೋಡೆಗೆ ಒರಗಿ, ಬರುವವರೆಗೆ ಕಾಯುವವಳಂತೆ ಕೂತಳು. ಅತ್ತೆ ಸೊಸೆಯ ನಡುವೆ ಆ ದಿನಗಳಲ್ಲಿ ಮಾತೇ ಇರಲಿಲ್ಲ. ಕ್ಷಮಿಸು ಎನ್ನಲು ಗಂಗೆಗೆ ಬಾಯಿ ಬರಲಿಲ್ಲ. ಬಂದಿದ್ದರೂ ಆ ಮಾತು ಸಾಲುತ್ತಿರಲಿಲ್ಲ.

ಮಂಗಳವಾರ ಬಂತು. ಔಷಧಿ ಮುಂದುವರಿಸಲು ವ್ಯಾನಿಗೆ ಹೋಗಬೇಕು, ಮನೆಯವರು ಒಬ್ಬರು ಜೊತೆಗಿರಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಧರ್ಮೇಂದ್ರ ಅಂಗಿ ಹಾಕಿಕೊಳ್ಳುತ್ತಿದ್ದ.

"ನೀನು ಜೀಪಿಗೆ ಹೋಗು" ಎಂದಳು ಗಂಗೆ. "ನಾನು ಹೋಗ್ತೇನೆ."

ಅವಳ ಕೈಯಲ್ಲಿ ಬಟ್ಟೆಚೀಲವಿತ್ತು. ಬೀರುವಿನ ಬಾಟಲಿಗಳನ್ನೆಲ್ಲ ಆನಂದ್ ಆಗಲೇ ಚೆಲ್ಲಿ ತೊಳೆದಿಟ್ಟಿದ್ದ. ಆದರೆ ಅಕ್ಕಿ ಡ್ರಮ್ಮಿನೊಳಗೆ ಹೊಸದೊಂದು ಬಾಟಲಿ, ಮುಚ್ಚಳ ತೆಗೆಯದ್ದು, ಉಳಿದಿತ್ತು. ಶೋಭಿತಾಳ ಬಾಣಂತನಕ್ಕೆಂದು ಗಂಗೆ ಮೊದಲೇ ತಂದು ಅಡಗಿಸಿಟ್ಟದ್ದು.

ಬಿಪಿ ಸಾಲು ಎಂದಿನಂತೆ ಮೈದಾನದ ಅಂಚಿನವರೆಗೆ ಇತ್ತು. ಅತ್ತೆ ಸೊಸೆ ಬರುವುದನ್ನು ಕಂಡು ಮಾತು ನಿಂತಿತು. ರಶ್ಮಿತಾಳ ಕಾಲು ತಡೆಯಿತು. ಗಂಗೆ ಮುಂದೆ ನಡೆದು, ಹಿಂಬಾಗಿಲಿನ ಮೆಟ್ಟಿಲ ಬಳಿ ತಾನೇ ಮೊದಲು ನಿಂತಳು.

ಅಂದು ಎಲ್ಲರನ್ನೂ ನಗಿಸಿದ್ದ ಕೆಂಚ ಇಂದು ಸುಮ್ಮನಿರಲು ತಿಳಿಯದೆ ಕೇಳಿದ. "ಗಂಗಕ್ಕ, ಸಾಲು ತಪ್ಪಿತು. ನಿಮಗೆ ಬಿಪಿ ಅಲ್ವಾ?"

"ಬಿಪಿ ಅಲ್ಲ ಕೆಂಚ." ಗಂಗೆ ಚೀಲದಿಂದ ಬಾಟಲಿ ತೆಗೆದು ವ್ಯಾನಿನ ಮೆಟ್ಟಿಲ ಮೇಲೆ ಇಟ್ಟಳು. ಇಡೀ ಸಾಲಿಗೆ ಕೇಳುವಂತೆ ಹೇಳಿದಳು. "ಇದನ್ನು ನನ್ನ ಮಗಳಿಗೆ ಬಾಣಂತಿ ಮದ್ದು ಅಂತ ಇಟ್ಟಿದ್ದೆ. ಸೊಸೆಗೂ ಇದನ್ನೇ ಕೊಟ್ಟೆ. ಅವಳಾಗಿ ಕುಡಿದದ್ದಲ್ಲ. ನಾನು ಕುಡಿಸಿದ್ದು. ಬೇಡ ಅಂದ್ರೂ ಕುಡಿಸಿದ್ದು. ಅವಳನ್ನು ಯಾರಾದ್ರೂ ಏನಾದ್ರೂ ಅನ್ನೂದಿದ್ರೆ ನನ್ನ ಹತ್ರ ಬಂದು ಅನ್ನಿ."

ಹೆಂಗಸರ ಗುಂಪಿನಲ್ಲಿ ಯಾರೋ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮನೆಯಲ್ಲಿ ಬಾಣಂತಿ ಇರುವ ಒಬ್ಬಾಕೆ ಬಾಟಲಿಯನ್ನೇ ನೋಡುತ್ತಾ ನಿಂತುಬಿಟ್ಟಳು.

ಸೌಮ್ಯ ಬಾಗಿಲು ತೆರೆದಳು. ಗಂಗೆ ಮೆಟ್ಟಿಲು ಹತ್ತಲು ಕಂಬಿಯ ಕಡೆ ಕೈ ಚಾಚಿದಳು. ಕಂಬಿ ಕೈಗೆ ಸಿಗಲಿಲ್ಲ. ಜೀವನದಲ್ಲಿ ಮೊದಲ ಸಲ ಗಂಗೆಯ ಕೈ ನಡುಗುತ್ತಿತ್ತು.

ರಶ್ಮಿತಾ ಆ ಕೈಯನ್ನು ನೋಡಿದಳು. ಆಮೇಲೆ, ಕೀಲಿಯ ಗುರುತು ಇನ್ನೂ ಮಾಸದ ಅಂಗೈಯನ್ನು ಅದರ ಕೆಳಗೆ ಇಟ್ಟಳು.

"ಮೆಲ್ಲ ಹತ್ತಿ ಅತ್ತೆ" ಎಂದಳು.