ಗಟ್ಟಿಗಿತ್ತಿಯ ಎಡಗಣ್ಣು

"ಇದು ಎಷ್ಟು ಬೆರಳು?"

ಡಾಕ್ಟರ್ ಒಂದು ಅಂಗೈಯಿಂದ ಅವಳ ಬಲಗಣ್ಣನ್ನು ಮುಚ್ಚಿ, ಇನ್ನೊಂದು ಕೈಯನ್ನು ಅವಳ ಮುಖದ ಮುಂದೆ ಹಿಡಿದಿದ್ದ.

ಅಖಾಡದ ಕಬ್ಬಿಣದ ಜಾಲರಿಯ ಆಚೆ ಜನ ಹುಚ್ಚೆದ್ದು ಕೂಗುತ್ತಿದ್ದರು. "ಗಟ್ಟಿಗಿತ್ತಿ! ಗಟ್ಟಿಗಿತ್ತಿ!" ಅದು ಅವಳ ಅಖಾಡದ ಹೆಸರು. ಎದುರಾಳಿ ಆಚೆ ಮೂಲೆಯಲ್ಲಿ ಏದುಸಿರು ಬಿಡುತ್ತಿದ್ದಳು. ಇನ್ನೊಂದೇ ಸುತ್ತು... ಚಾಂಪಿಯನ್ ಬೆಲ್ಟ್ ಇವಳ ಸೊಂಟಕ್ಕೆ!

"ಎರಡು," ಎಂದಳು, ಕ್ಷಣವೂ ತಡವರಿಸದೆ.

ಡಾಕ್ಟರ್ ಅವಳ ಬಲಗಣ್ಣಿನಿಂದ ಅಂಗೈ ತೆಗೆದ. ಆಗ ಕಂಡಿತು... ಅವನು ಬೆರಳನ್ನೇ ಎತ್ತಿರಲಿಲ್ಲ. ಬರೀ ಮುಷ್ಟಿ ಹಿಡಿದಿದ್ದ.

ರೆಫರಿಯ ಕಡೆ ತಿರುಗಿ ಅವನು ಹೇಳಿದ್ದು ಒಂದೇ ಮಾತು. "ನಿಲ್ಲಿಸಿ."

"ಏನು ನಿಲ್ಲಿಸೋದು? ನಾನು ಗೆಲ್ತಾ ಇದ್ದೀನಿ!" ಅವಳು ಅವನ ಕಾಲರ್‌ಗೇ ಕೈ ಹಾಕಿದಳು. "ರಕ್ತ ನೋಡಿ ಹೆದರೋರು ಇಲ್ಲಿಗ್ಯಾಕ್ರೀ ಬರ್ತೀರಾ?"

"ಗೆಲ್ತಾ ಇದ್ರಿ. ನನಗೂ ಗೊತ್ತು," ಎಂದ ಅವನು ಮೆಲ್ಲಗೆ.

ಆ ಸಮಾಧಾನದ ದನಿಗೇ ಅವಳ ಮೈಯೆಲ್ಲ ಉರಿದುಹೋಯಿತು!

ಮೂಲೆಯಲ್ಲಿ ಟವೆಲ್ ಹಿಡಿದು ನಿಂತಿದ್ದ ಚಿಕ್ಕಪ್ಪ ತಲೆ ಎತ್ತಲೇ ಇಲ್ಲ. ಪಾಪ, ಬೆಲ್ಟ್ ಕೈತಪ್ಪಿದ ಸಂಕಟ ಎಂದುಕೊಂಡಳು ಅವಳು.

ಅಪ್ಪ ಅಮ್ಮ ಇಲ್ಲದ ಅವಳನ್ನು ಸಾಕಿದ್ದೂ ಚಿಕ್ಕಪ್ಪನೇ, ಕುಸ್ತಿ, ಬಾಕ್ಸಿಂಗ್, ಒದೆ ಎಲ್ಲ ಬೆರೆತ ಈ ಕಾಳಗ ಕಲಿಸಿದ್ದೂ ಚಿಕ್ಕಪ್ಪನೇ. ಅವರೂ ಒಂದು ಕಾಲದಲ್ಲಿ ಕಾದಾಡಿದವರು. ಗೆದ್ದದ್ದು ಕಡಿಮೆ, ತಲೆಗೆ ತಿಂದ ಏಟೇ ಹೆಚ್ಚು.

ಕಾಳಗದವರು ಸಿಟ್ಟಿನಿಂದ ಹೊಡೆದಾಡುತ್ತಾರೆ ಎಂದು ಜನ ತಿಳಿಯುತ್ತಾರೆ. ಚಿಕ್ಕಪ್ಪ ಕಲಿಸಿದ್ದು ಬೇರೆ. "ಸಿಟ್ಟು ಬಂದ್ರೆ ಉಸಿರು ಕೆಡುತ್ತೆ ಪುಟ್ಟಿ. ಉಸಿರು ಕೆಟ್ರೆ ಎಲ್ಲಾ ಕೆಟ್ಟ ಹಾಗೆ. ಇನ್ನು ನೋವು... ಅದು ಪಕ್ಕದ ಮನೆ ಜಗಳ ಇದ್ದ ಹಾಗೆ. ಕೇಳಿಸುತ್ತೆ, ಆದ್ರೆ ನಾವು ಎದ್ದು ಹೋಗಬಾರದು!"

ಅವಳು ಎದ್ದು ಹೋಗಲಿಲ್ಲ. ತೂಕ ಇಳಿಸಲು ಕಂಬಳಿ ಹೊದ್ದು ಬೆವರಿ, ನಾಲಿಗೆ ಮರದ ತುಂಡಾದಾಗಲೂ ನೀರು ಕೇಳಲಿಲ್ಲ. ಕಾಲ್ಬೆರಳು ಮುರಿದ ದಿನವೂ ಎದುರಾಳಿಯನ್ನು ನೋಡಿ ನಕ್ಕಿದ್ದಳು. ಹಾಗಾಗಿ, ಒಂದು ದಿನ ಅಭ್ಯಾಸದಲ್ಲಿ ಎಡಗಣ್ಣಿನ ಅಂಚಿಗೆ ಕಪ್ಪು ಪರದೆಯಂಥದ್ದು ಇಳಿದಾಗ ಅದನ್ನೂ ನುಂಗಿಕೊಂಡಳು.

ಅವಳಿಗೆ ಅವಸರವಿತ್ತು. ಚಿಕ್ಕಪ್ಪನ ಕೈ ನಡುಗಲು ಶುರುವಾಗಿತ್ತು. ಹೆಸರುಗಳು ಜಾರುತ್ತಿದ್ದವು. ಪ್ಯಾಂಟು ಹಾಕಿಕೊಳ್ಳದೆ ಬಾಗಿಲು ದಾಟಿಬಿಡುತ್ತಿದ್ದರು. ಇದು ವಾಸಿಯಾಗುವ ಕಾಯಿಲೆಯಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು.

ಅವರು ನನ್ನನ್ನು ಮರೆಯುವ ಮೊದಲು... ನಾನು ಯಾರೆಂದು ಗೊತ್ತಿರುವಾಗಲೇ ಬೆಲ್ಟ್ ಅವರ ಕೈಗೆ ಕೊಡಬೇಕು!

ಅವಳ ಮಹತ್ವಾಕಾಂಕ್ಷೆ ಎಂದರೆ ಇಷ್ಟೇ. ಅದನ್ನೇ ಆ ಡಾಕ್ಟರ್ ಕಿತ್ತುಕೊಂಡಿದ್ದ.

ಕಣ್ಣಿನ ಆಪರೇಷನ್ ಆಯಿತು. ಬಹಳ ತಡವಾಗಿತ್ತು. ಎಡಗಣ್ಣಿಗೆ ಬರೀ ಬೆಳಕು, ನೆರಳು ಉಳಿದವು. ಇನ್ನು ಅಖಾಡಕ್ಕೆ ಇಳಿಯುವ ಮಾತೇ ಇಲ್ಲ.

ಹಾಸಿಗೆಯ ಪಕ್ಕ ಕೂತ ಚಿಕ್ಕಪ್ಪ ಒಂದೇ ಸಮನೆ ಅತ್ತರು. ಅವಳು ಅಳಲಿಲ್ಲ. ಅಳುವುದು ಹೇಗೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ.

ಚಿಕ್ಕಪ್ಪನ ತರಬೇತಿ ಶಾಲೆಯಲ್ಲೇ ಅವಳು ಹೆಣ್ಣುಮಕ್ಕಳಿಗೆ ಕಲಿಸತೊಡಗಿದಳು. ಅಲ್ಲಿಗೆ ಒಂದು ಭಾನುವಾರ ಬೆಳಿಗ್ಗೆ ಡಾಕ್ಟರ್ ಬಂದ!

"ಚಿಕ್ಕಪ್ಪನವರನ್ನ ನೋಡ್ಕೊಂಡು ಹೋಗೋಣ ಅಂತ..."

"ಬಂದ ನೋಡು!" ಚಿಕ್ಕಪ್ಪ ಕುರ್ಚಿಯಿಂದಲೇ ಗುಡುಗಿದರು. "ನನ್ನ ಮಗಳ ಬೆಲ್ಟ್ ಕಿತ್ಕೊಂಡ ಮಹಾನುಭಾವ! ಯಾವ ಮುಖ ಹೊತ್ಕೊಂಡು ಬಂದ್ಯೋ?"

ಡಾಕ್ಟರ್ ಮಂಡಿಯೂರಿ ಕೂತು, ಬಿಚ್ಚಿಹೋಗಿದ್ದ ಅವರ ಶೂ ದಾರ ಕಟ್ಟಿದ. ಕೈಬೆರಳುಗಳನ್ನು ಒಂದೊಂದಾಗಿ ಮಡಚಿಸಿ ಪರೀಕ್ಷಿಸಿದ. ಕಿತ್ತಳೆ ಸುಲಿದು, ಬೀಜ ತೆಗೆದು ಕೊಟ್ಟ. ಚಿಕ್ಕಪ್ಪ ಬೈಯುತ್ತಲೇ ತಿಂದರು.

ಮುಂದಿನ ಭಾನುವಾರವೂ ಬಂದ. ಅದರ ಮುಂದಿನದೂ. ಪ್ರತಿ ಸಲವೂ ಬೈಗುಳ, ಪ್ರತಿ ಸಲವೂ ಕಿತ್ತಳೆ.

ಅವಳಿಗೇ ತಿಳಿಯದಂತೆ ಭಾನುವಾರ ಬಂದರೆ ಅವಳ ಕಿವಿ ಬಾಗಿಲ ಕಡೆ ಇರುತ್ತಿತ್ತು. ಅದು ಗೊತ್ತಾದ ದಿನ ತನ್ನ ಮೇಲೆ ತನಗೇ ರೇಗಿತು. ಛೀ! ಇವನು ಕರುಣೆ ತೋರಿಸೋಕೆ ಬರ್ತಿದ್ದಾನೆ. ನಾನು ಕಾಯ್ತಾ ಇದ್ದೀನಾ?

"ಡಾಕ್ಟ್ರೇ, ಇನ್ನು ಬರಬೇಡಿ," ಎಂದಳು ಬಾಗಿಲಲ್ಲೇ ತಡೆದು. "ನಿಮ್ಮ ಅಯ್ಯೋ ಪಾಪ ನಮಗೆ ಬೇಡ."

"ಅಯ್ಯೋ ಪಾಪ ಅಂತ ಬರ್ತಿಲ್ಲ ನಾನು..."

"ಮತ್ತೆ ಯಾಕೆ?"

ಅವನು ಒಳಗೆ ಕೂತಿದ್ದ ಚಿಕ್ಕಪ್ಪನ ಕಡೆ ಒಮ್ಮೆ ನೋಡಿದ. ಆಮೇಲೆ ಕಿತ್ತಳೆಯ ಚೀಲವನ್ನು ಹೊಸ್ತಿಲ ಮೇಲಿಟ್ಟು ಹೊರಟುಹೋದ.

ಅವನು ಮತ್ತೆ ಬರಲಿಲ್ಲ. ಚಿಕ್ಕಪ್ಪ ಮಾತ್ರ ಕೇಳುತ್ತಿದ್ದರು. "ಆ ಕಳ್ಳ ಎಲ್ಲೇ? ಬೈಯೋಕೆ ಯಾರೂ ಇಲ್ವಲ್ಲ!" ಅವಳು ನಗಲು ಹೋಗಿ, ಬಾಗಿಲ ಕಡೆ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಚಿಕ್ಕಪ್ಪನಿಗೆ ತುತ್ತು ಕೊಡುತ್ತಿದ್ದಳು. ಅವರು ಇದ್ದಕ್ಕಿದ್ದಂತೆ ಅವಳ ಕೈ ಹಿಡಿದರು.

"ಅತ್ತಿಗೆ..."

ಅತ್ತಿಗೆ ಎಂದರೆ ಅವಳ ಅಮ್ಮ. ಅಮ್ಮ ತೀರಿಕೊಂಡು ಎಷ್ಟೋ ಕಾಲವಾಗಿತ್ತು!

"ಅತ್ತಿಗೆ, ತಪ್ಪು ಮಾಡ್ಬಿಟ್ಟೆ. ನಿನ್ ಮಗಳಿಗೆ ಎಡಗಣ್ಣು ಕಾಣ್ತಿಲ್ಲ. ಗುದ್ದೋ ಪ್ಯಾಡ್ ಎಡಕ್ಕೆ ಹಿಡಿದ್ರೆ ಕತ್ತು ತಿರುಗಿಸಿ ನೋಡ್ತಾಳೆ. ಬೇಡಮ್ಮಾ ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ. ಅಷ್ಟು ಆಸೆ ಇಟ್ಕೊಂಡಿದ್ಲು..."

"ಆಮೇಲೆ?" ಅವಳ ದನಿ ಅವಳಿಗೇ ಕೇಳಿಸಲಿಲ್ಲ.

"ಅವತ್ತು ಕಾಳಗದ ಮಧ್ಯೆನೇ ಅಖಾಡದ ಡಾಕ್ಟ್ರ ಹತ್ರ ಹೋದೆ. ಅವಳಿಗೆ ಕಾಣ್ತಿಲ್ಲ, ನೀವೇ ನಿಲ್ಸಿ ಅಂದೆ. ನಾನು ಹೇಳಿದ್ದು ಅಂತ ಮಾತ್ರ ಅವಳಿಗೆ ಗೊತ್ತಾಗಬಾರ್ದು, ಅವಳಿಗೆ ನಾನೊಬ್ಬನೇ ಇರೋದು, ನನ್ನನ್ನ ದ್ವೇಷ ಮಾಡಿದ್ರೆ ಯಾರಿದ್ದಾರೆ ಅಂತ ಕೈ ಮುಗಿದೆ. ಒಳ್ಳೆ ಹುಡುಗ ಅತ್ತಿಗೆ. ಮಾತು ಕೊಟ್ಟ."

ಸ್ವಲ್ಪ ಹೊತ್ತಿಗೆ ಅವರು ಅನ್ನದ ತಟ್ಟೆ ನೋಡುತ್ತಾ, "ಉಪ್ಪು ಕಮ್ಮಿ," ಎಂದರು.

ತಾವೇ ಕೇಳಿಕೊಂಡಿದ್ದನ್ನು ತಾವೇ ಮರೆತು, ವಾರ ವಾರವೂ ಅವನಿಗೆ ಬೈದಿದ್ದರು. ಅವನು ಮಂಡಿಯೂರಿ ಬೈಸಿಕೊಂಡಿದ್ದ!

ಚಿಕ್ಕಪ್ಪನನ್ನು ಪಕ್ಕದ ಮನೆಯಾಕೆಗೆ ಒಪ್ಪಿಸಿ ಅವಳು ಅವನ ಆಸ್ಪತ್ರೆಗೆ ಹೋದಳು. ಹೊರರೋಗಿಗಳ ಸಾಲು ಕರಗಿ, ನರ್ಸ್ ಕುರ್ಚಿಗಳನ್ನು ಜೋಡಿಸುತ್ತಿದ್ದಳು. ಅವನು ಕೋಣೆಯಿಂದ ಹೊರಬಂದು, ಅವಳನ್ನು ಕಂಡು ನಿಂತುಬಿಟ್ಟ.

"ಚಿಕ್ಕಪ್ಪ ಎಲ್ಲಾ ಹೇಳಿದ್ರು," ಎಂದಳು. "ನೀವ್ಯಾಕೆ ಹೇಳ್ಲಿಲ್ಲ?"

"ಮಾತು ಕೊಟ್ಟಿದ್ದೆ."

"ಅವರೇ ಮರೆತ್ರಲ್ಲ!"

"ಅವರು ಮರೆತ್ರು ಅಂತ ನಾನು ಮರೆಯೋಕಾಗುತ್ತಾ?" ಅವನು ಅವಳನ್ನು ನೇರವಾಗಿ ನೋಡಿದ. "ಒಂದು ಮಾತು ತಿಳ್ಕೊಳ್ಳಿ. ಅವರು ಹೇಳದೇ ಇದ್ರೂ ನಾನು ನಿಲ್ಲಿಸ್ತಿದ್ದೆ. ಎಡಗಡೆಯಿಂದ ಒಂದು ಒದೆ ತಲೆಗೆ ಬಿದ್ದಿದ್ರೆ ನಿಮಗೆ ಕಾಣ್ತಾನೇ ಇರಲಿಲ್ಲ. ತಪ್ಪು ಅವರ ಮೇಲೆ ಹಾಕ್ಬೇಡಿ. ಬೈಯೋದಿದ್ರೆ ನನಗೇ ಬೈಯಿರಿ."

ಅವಳು ಬೆಂಚಿನ ಮೇಲೆ ಕುಸಿದು ಕೂತಳು. ಇಷ್ಟು ದಿನ ತಡೆದಿದ್ದೆಲ್ಲ ಒಮ್ಮೆಲೇ ಒಡೆದುಹೋಯಿತು... ಭುಜ ಅದುರುವಂತೆ ಅತ್ತಳು.

"ಇವತ್ತು ನನ್ನನ್ನ ಅಮ್ಮ ಅಂದ್ಕೊಂಡ್ರು ಡಾಕ್ಟ್ರೇ. ನಾಳೆ ಯಾರೋ ಅಂದ್ಕೋತಾರೆ. ಅವರಿಗೆ ಕೊಡೋಕೆ ನನ್ನ ಹತ್ರ ಏನೂ ಇಲ್ಲ. ಬೆಲ್ಟೂ ಇಲ್ಲ..."

"ಬೆಲ್ಟ್ ತಂದಿದ್ರೂ ಮರೀತಿದ್ರು," ಎಂದ ಅವನು ಮೆತ್ತಗೆ.

ಕಹಿಯಾದ ಮಾತು. ಆದರೆ ಸುಳ್ಳಲ್ಲ. ಇಷ್ಟು ನೇರವಾಗಿ ಅವಳಿಗೆ ಯಾರೂ ಏನನ್ನೂ ಹೇಳಿರಲಿಲ್ಲ.

"ಅವತ್ತು ಕೇಳಿದ್ರಲ್ಲ, ಮತ್ತೆ ಯಾಕೆ ಬರ್ತೀರಾ ಅಂತ. ಮೊದಲು ಅವರಿಗೋಸ್ಕರ ಬಂದೆ. ಆಮೇಲೆ..." ಅವನು ಕೊರಳಿನ ಸ್ಟೆತಸ್ಕೋಪ್ ತೆಗೆದು ಮಡಚಿದ. "ಆಮೇಲೆ ನಿಮ್ಮನ್ನ ನೋಡೋಕೆ. ಸೋತು ಮಲಗಿದೋರು ಎದ್ದು ಬಂದು ಬೇರೆ ಮಕ್ಕಳಿಗೆ ಉಸಿರಾಡೋದು ಕಲಿಸ್ತಾ ಇದ್ರಿ. ಅದನ್ನ ನೋಡಿದ ಮೇಲೆ ಬೇರೆ ಕಡೆ ಹೋಗೋಕೆ ಮನಸ್ಸಾಗ್ಲಿಲ್ಲ."

ಅವಳು ಅಂಗೈಯಿಂದ ಮುಖ ಒರೆಸಿಕೊಂಡಳು.

"ಈ ಕಣ್ಣಿಗೆ ನೋಡೋಕೆ ಬರಲ್ಲ," ಎಂದಳು ಕೊನೆಗೆ. "ಅಳೋಕೆ ಮಾತ್ರ ಬರುತ್ತೆ ನೋಡಿ."

"ಅಳಲಿ ಬಿಡಿ."

"ಚಿಕ್ಕಪ್ಪ ಇನ್ನೂ ಬೈತಾರೆ."

"ಬೈಲಿ."

"ಒಂದು ದಿನ ಬೈಯೋದನ್ನೂ ಮರೀತಾರೆ..."

"ಆ ದಿನ ನೀವೊಬ್ರೇ ಇರಬಾರದು. ನಾನೂ ಇರ್ತೀನಿ."

ಅವನು ಬಂದು ಬೆಂಚಿನ ಮೇಲೆ, ಅವಳ ಎಡಕ್ಕೆ ಕೂತ. ಅವಳಿಗೆ ಅಲ್ಲಿ ಬರೀ ಒಂದು ನೆರಳು.

"ಅಲ್ಲಿ ಬೇಡ," ಎಂದಳು ಅವಳು. "ಈ ಕಡೆ ಬಾ. ಅಲ್ಲಿ ಕೂತ್ರೆ ನನಗೆ ಕಾಣಲ್ಲ."

ಅವನು ಎದ್ದು ಬಲಕ್ಕೆ ಬಂದ. ಕೂರುವ ಮುನ್ನ ತಡೆದು ಕೇಳಿದ.

"ಬಾ... ಅಂದ್ರಾ?"

"ಹೂಂ," ಎಂದಳು, ಕಣ್ಣೀರು ಒರೆಸಿಕೊಳ್ಳದೆ. "ಬಾ."